ಅಯ್ಯನವರ ವಿಷದ ಖೋಲಿ

22-3-48

ಕ್ವಿನೈನ್ ಮಿಕ್ಸ್ಚರ್ ತೀರಿತು. ಮಾಶಾಕ ಮತ್ತೆ ಕಲಸುತ್ತಿದ್ದಾನೆ — ನಮ್ಮ ಕಂಪೌಂಡರ್, ಕೈ ನಿಧಾನ, ಬಾಯಿ ಜೋರು. ಸಾಲಿನಲ್ಲಿ ನಿಂತವರಲ್ಲಿ ಅರ್ಧ ಜನ ಮೊದಲು ನನ್ನ ಕಾಲು ಮುಟ್ಟುತ್ತಾರೆ, ಆಮೇಲೆ ನಾಲಗೆ ತೋರಿಸುತ್ತಾರೆ. ಜಂಗಮರ ಮನೆಯಲ್ಲಿ ಹುಟ್ಟಿ, ಮುಂಬಯಿಗೆ ಹೋಗಿ ಎಲ್.ಸಿ.ಪಿ.ಎಸ್. ಮಾಡಿಕೊಂಡು ಬಂದದ್ದರ ಫಲ ಇದು. ಬೆಟಗೇರಿಯ ಪಾಲಿಗೆ ನಾನು ಡಾಕ್ಟರ್ ಬಸಲಿಂಗಯ್ಯ ಅಲ್ಲ, ಅಯ್ಯನವರು. ಕೊಟ್ಟ ಮಾತ್ರೆಯನ್ನು ನುಂಗುವುದಿಲ್ಲ, ಮನೆಗೆ ಒಯ್ದು ದೇವರ ಮುಂದೆ ಇಡುತ್ತಾರೆ.

ಮಧ್ಯಾಹ್ನ ಶಿರಹಟ್ಟಿ ಕಡೆಯಿಂದ ಚಕ್ಕಡಿ ಬಂತು. ಹಾವು ಕಡಿದ ಹುಡುಗ. ಅಲ್ಲಿಯ ಸಂಸ್ಥಾನ ಮುಂಬಯಿ ಸರಕಾರದಲ್ಲಿ ಕೂಡಿ ಎರಡು ವಾರ. ಹಾದಿಯಲ್ಲಿ ಎಲ್ಲಿ ಕೇಳಿದರೂ ಹಾವಿನ ವಿಷಕ್ಕೆ ಚುಚ್ಚುವ ಸೀರಮ್ ಇಲ್ಲ, ಹೊಸದನ್ನು ಯಾರಿಗೆ ಬರೆದು ತರಿಸಬೇಕೋ ಯಾರಿಗೂ ಗೊತ್ತಿಲ್ಲ. "ರಾಜರು ಹ್ವಾದ್ರು, ಸರಕಾರ ಇನ್ನೂ ಬಂದಿಲ್ರಿ," ಎಂದ ಅವನ ಅಣ್ಣ ಹೊಳೆಯಪ್ಪ. ನನ್ನ ಬೀರುವಿನಲ್ಲಿ ಸೀರಮ್ ಇತ್ತು. ಆದರೆ ಇಲ್ಲಿಗೆ ತರುವಷ್ಟರಲ್ಲಿ ಹುಡುಗನ ಉಸಿರು ನಿಂತಿತ್ತು. ಹೊಳೆಯಪ್ಪ ಅದೇ ಚಕ್ಕಡಿಯಲ್ಲಿ ತಮ್ಮನನ್ನು ಊರಿಗೆ ಒಯ್ದ.

3-4-48

ಆ ಹುಡುಗ ತಲೆಯಿಂದ ಹೋಗುತ್ತಿಲ್ಲ. ಗದಗು, ಮುಂಡರಗಿ ಮೊದಲಿನಿಂದ ಮುಂಬಯಿಯವು. ಶಿರಹಟ್ಟಿ ಒಬ್ಬ ರಾಜರದು, ಲಕ್ಷ್ಮೇಶ್ವರ ಇನ್ನೊಬ್ಬರದು. ಈಗ ಎಲ್ಲ ಒಂದೇ. ಹಾವಿಗಂತೂ ಯಾವತ್ತೂ ಗಡಿ ಇರಲಿಲ್ಲ. ಈ ಭಾಗಕ್ಕೆಲ್ಲ ವಿಷಕ್ಕೆಂದೇ ಒಂದು ಜಾಗ ಯಾಕೆ ಇರಬಾರದು? ಸೀರಮ್, ಹೊಟ್ಟೆ ತೊಳೆಯುವ ಟ್ಯೂಬ್, ಅಟ್ರೋಪಿನ್, ಎಲ್ಲ ಒಂದೇ ಕಡೆ. ಎಲ್ಲಿಗೆ ಓಡಬೇಕು ಎಂಬುದು ಬಸ್ಸಿನ ಡ್ರೈವರಿಗೂ ಗೊತ್ತಿರಬೇಕು.

ಮಾಶಾಕನಿಗೆ ಹೇಳಿದೆ. "ಹಿತ್ತಲದಾಗ ದನದ ಕೊಟ್ಟಗಿ ಖಾಲಿ ಐತ್ರಿ ಸಾಹೇಬರ," ಎಂದ. ಕಮಿಟಿಯವರನ್ನು ಕೇಳಬೇಕು. ನಮ್ಮದು ಧರ್ಮಾರ್ಥ ದವಾಖಾನೆ, ಮೊಳೆ ಹೊಡೆಯುವುದಕ್ಕೂ ಠರಾವು ಬೇಕು.

17-6-48

ಹನಮಂತವ್ವ, ಲಕ್ಷ್ಮೇಶ್ವರದ ಹತ್ತಿರದ ಹಳ್ಳಿ. ವಾಂತಿ, ಭೇದಿ, ಕಾಲು ಸೆಳೆತ. "ಹಳಸಿದ್ದು ಉಂಡಾಳ್ರಿ," ಎಂದರು ಮನೆಯವರು. ತಾಟಿನಲ್ಲಿ ಉಳಿದದ್ದು ತಂದಿದ್ದೀರಾ ಎಂದೆ. "ತಾಟ ತಿಕ್ಕಿ ಡಬ್ಬ ಹಾಕೇವ್ರಿ." ಕಾಲರಾ ಎಂದು ತಿಳಿದು ಸಲೈನ್ ಏರಿಸುತ್ತ ಕುಳಿತೆ. ಇಂದು ತೀರಿಕೊಂಡಳು. ಹೆಣ ಕಟ್ಟುವಾಗ ಆಕೆಯ ಅಣ್ಣ ಮೆಲ್ಲಗೆ ಬಂದು ಹೇಳಿದ — ಸೋಮಲ. ಇಲಿಗೆಂದು ತಂದದ್ದು.

"ಮದ್ಲ ಯಾಕ ಹೇಳಲಿಲ್ಲೋ?"

"ಪೊಲೀಸರು ಬರತಾರಲ್ರಿ. ಮನೀ ಮಂದೀನೆಲ್ಲಾ ಕರಕೊಂಡ ಹೋಗತಾರ."

ಸಿಟ್ಟು ಬಂತು. ಅವನ ಮೇಲೆ ಎಷ್ಟು ಹೊತ್ತು ಸಿಟ್ಟಾಗಿರಲಿ? ಬಗಲಲ್ಲಿ ಟವೆಲ್ ಹಿಡಿದುಕೊಂಡು ಅಳುತ್ತಿದ್ದ.

20-6-48

ಸೀರಮ್ಮು, ಟ್ಯೂಬು ಇವೆಲ್ಲ ಆಮೇಲಿನ ಮಾತು. ಮೊದಲು ಜನ ಬಾಯಿ ಬಿಡಬೇಕು. ಏನು ತಿಂದರು ಎಂದು ತಿಳಿಯದೆ ನಾನು ಕುರುಡ.

ಹಾಗಾದರೆ ಮಾಡಬೇಕೆಂದಿರುವ ವಿಷದ ಖೋಲಿಗೆ ಒಂದೇ ನಿಯಮ. ಇಂಥ ವಿಷದ ಕೇಸು ಬಂತು ಎಂದು ಸರಕಾರಕ್ಕೆ ತಿಳಿಸಲೇಬೇಕು, ತಿಳಿಸುತ್ತೇನೆ. ಆದರೆ ಯಾರು ಹೇಳಿದರು, ಯಾಕೆ ತಿಂದರು, ಯಾರು ಕೊಟ್ಟರು — ಅದು ಖೋಲಿಯ ಹೊಸ್ತಿಲು ದಾಟುವುದಿಲ್ಲ. ಡಾಕ್ಟರನ ಮಾತು ನಂಬದಿದ್ದರೂ ಅಯ್ಯನವರ ಮಾತು ನಂಬುತ್ತಾರೆ. ಜಂಗಮನಾಗಿ ಹುಟ್ಟಿದ್ದಕ್ಕೆ ಇದೊಂದು ಉಪಯೋಗವಾಗಲಿ.

26-1-50

ಊರೆಲ್ಲ ಝಂಡಾ. ಕಮಿಟಿ ಕೊನೆಗೂ ಒಪ್ಪಿದೆ, ನಾವು ಕೊಟ್ಟಿಗೆಗೆ ಸುಣ್ಣ ಬಳಿದೆವು. ಎರಡು ಮಂಚ, ಒಂದು ಬೀರು, ಒಂದು ಸ್ಟೋವ್. ಕಿಟಕಿ ದೊಡ್ಡದು ಮಾಡಿಸಿದ್ದೇನೆ. ಎಷ್ಟು ತಿಕ್ಕಿದರೂ ಸೆಗಣಿ ವಾಸನೆ ಹೋಗಿಲ್ಲ. ಮಾಶಾಕ ಊದಿನಕಡ್ಡಿ ಹಚ್ಚಿಟ್ಟ, ಈಗ ಎರಡೂ ವಾಸನೆ ಬರುತ್ತಿವೆ.

ಲಕ್ಷ್ಮೇಶ್ವರ, ಮುಂಡರಗಿ ಬಸ್ಸಿನವರನ್ನು ಕರೆದು ಚಹಾ ಕುಡಿಸಿದೆ. ವಿಷದ ಕೇಸು ಇದ್ದರೆ ನಡುವೆ ಎಲ್ಲಿಯೂ ನಿಲ್ಲಿಸಬೇಡಿ, ತಾಟು ತೊಳೆಯದೆ ಹಾಗೆಯೇ ತನ್ನಿ ಎಂದು ಹೇಳಿ ಕಳಿಸಿದೆ. ಒಬ್ಬ ಡ್ರೈವರ್, "ಎಂಜಲ ತಾಟ ನನ್ನ ಗಾಡ್ಯಾಗ?" ಎಂದು ಮುಖ ಕಿವಿಚಿದ. ಆಮೇಲೆ ಎರಡನೆಯ ಕಪ್ಪು ಚಹಾ ಕುಡಿದು ಒಪ್ಪಿದ.

9-8-51

ಈ ಭಾಗದಲ್ಲಿ ಕೈಗೆ ಸಿಗುವ ವಿಷಗಳನ್ನೆಲ್ಲ ಒಂದೊಂದು ಬಾಟಲಿಯಲ್ಲಿ ಹಾಕಿಡುತ್ತಿದ್ದೇನೆ, ನೋಡಿ ಗುರುತು ಹಿಡಿಯಲು. ಧತ್ತೂರಿ ಬೀಜ, ಮೈಲತುತ್ತ, ಸೋಮಲ. ಇಂದು ನೇಕಾರರ ಓಣಿಗೆ ಹೋಗಿದ್ದೆ. ಗೋಣೆಪ್ಪ ನೂಲಿಗೆ ಬಣ್ಣ ಹಾಕುವವನು. ಮೊಣಕೈವರೆಗೆ ಕೆಂಪು, ಯಾವ ಸೋಪಿಗೂ ಹೋಗದ ಕೆಂಪು. ಮನೆಯ ಪಕ್ಕಕ್ಕೇ ಬಣ್ಣದ ಮನೆ. ಎರಡು ದೊಡ್ಡ ಭರಣಿ ತೋರಿಸಿದ. ಒಂದರಲ್ಲಿ ಅಡುಗೆಗೆ ಹಾಕುವ ಉಪ್ಪೇ — ಬಣ್ಣದ ನೀರಿಗೂ ಬೇಕಂತೆ. ಇನ್ನೊಂದರಲ್ಲಿ ಮುಂಬಯಿಯಿಂದ ಬರುವ ನೈಟ್ರೈಟು. "ಇದಿಲ್ಲಂದ್ರ ಕೆಂಪು ಹಿಡಿಯೂದಿಲ್ರಿ ಅಯ್ನಾರ." ನೋಡಲು ಎರಡೂ ಒಂದೇ ಬಿಳುಪು. ನೈಟ್ರೈಟು ಹೊಟ್ಟೆಗೆ ಹೋದರೆ ರಕ್ತ ಕೆಡುತ್ತದೆ, ಬೇರೆ ಬೇರೆ ಇಡು ಎಂದೆ.

ಹೆಂಡತಿ ಉಡಚವ್ವ ಒಳಗಿನಿಂದಲೇ, "ಬಣ್ಣದ ಮನ್ಯಾಗ ನಾನೂ ಹುಟ್ಟೇನ್ರಿ, ನಮಗ ತಿಳಿಯೂದಿಲ್ಲೇನು!" ಎಂದಳು. ಗಟ್ಟಿ ಹೆಂಗಸು. ಉಪ್ಪಿಟ್ಟು ತಿನ್ನಿಸಿಯೇ ಕಳಿಸಿದಳು.

2-5-53

ಬಹಳ ದಿನಕ್ಕೆ ಬರೆಯುತ್ತಿದ್ದೇನೆ. ಹೊತ್ತು ಇಲ್ಲ. ಅದೇ ಸಂತೋಷ.

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ಏಕೀಕರಣದ ಗಲಾಟೆ, ಊರಲ್ಲೂ ಅದೇ ಮಾತು. ನನ್ನ ಖೋಲಿಯಲ್ಲಿ ಏಕೀಕರಣ ಆಗಿಯೇ ಬಿಟ್ಟಿದೆ. ಒಂದು ಮಂಚದ ಮೇಲೆ ಮುಂಡರಗಿ, ಇನ್ನೊಂದರ ಮೇಲೆ ಲಕ್ಕುಂಡಿ, ನೆಲದ ಮೇಲೆ ಶಿರಹಟ್ಟಿ. ಮುಂಡರಗಿಯ ಹೆಂಗಸು ಮೈಲತುತ್ತ ನುಂಗಿದ್ದಳು. ತಾಯಿ ಬಂದವಳೇ ಬಾಗಿಲು ಹಾಕಿಕೊಂಡು ಎಲ್ಲ ಹೇಳಿದಳು — ಏನು, ಎಷ್ಟು, ಯಾಕೆ. ಮೊದಲಿನೆರಡು ಸಾಕಿತ್ತು. ಮೂರನೆಯದನ್ನೂ ಕೇಳಿಸಿಕೊಂಡು ಮರೆತೆ. ಮಗಳು ಇಂದು ಗಂಜಿ ಕುಡಿದಳು.

ಸರಕಾರಕ್ಕೆ ಅರ್ಜಿ ಬರೆದಿದ್ದೇನೆ — ಇದನ್ನು ಈ ಭಾಗದ ವಿಷ ಚಿಕಿತ್ಸೆಯ ಕೇಂದ್ರವೆಂದು ಮಾನ್ಯ ಮಾಡಿರಿ, ಸೀರಮ್ ನೇರ ಕಳಿಸಿರಿ ಎಂದು. ಮಾಶಾಕ ನಗುತ್ತಾನೆ. "ಉತ್ತರ ಬರೂದ್ರಾಗ ನಾವಿಬ್ರೂ ಪೆನ್ಶನ್ ರೀ."

12-11-55, ಬೆಳಿಗ್ಗೆ

ನಿನ್ನೆ ರಾತ್ರಿಯದನ್ನು ಬರೆದಿಡಬೇಕು.

ದೀಪ ಹಚ್ಚಿ ಎರಡು ತಾಸಾಗಿತ್ತು. ನೂಲು ಒಯ್ಯುವ ಕೈಗಾಡಿಯ ಮೇಲೆ ಗೋಣೆಪ್ಪ, ಮಗ ತೋಟಪ್ಪ, ಉಡಚವ್ವ. ದೂಡಿಕೊಂಡು ಬಂದವರು ಓಣಿಯವರು. ಹಿಂದೆ ಓಡುತ್ತ ಬಂದವಳು ಸೊಸೆ ದ್ಯಾಮವ್ವ — ಕೋಟುಮಚಗಿಯ ಒಕ್ಕಲುತನದ ಮನೆಯ ಹುಡುಗಿ, ಮದುವೆಯಾಗಿ ಇನ್ನೂ ವರ್ಷವಿಲ್ಲ. ಮೂವರ ತುಟಿಯೂ ನೇರಳೆ ಹಣ್ಣು ತಿಂದ ಹಾಗೆ. ಸೂಜಿ ಚುಚ್ಚಿದೆ, ರಕ್ತ ಕಂದು. ದ್ಯಾಮವ್ವನಿಗೆ ಏನೂ ಆಗಿಲ್ಲ. ಸೊಸೆಯಲ್ಲವೇ, ಎಲ್ಲರದೂ ಆದ ಮೇಲೆ ಉಣ್ಣುವವಳು. ಇನ್ನೂ ಉಂಡಿರಲಿಲ್ಲ.

ಏನು ಉಂಡಿರಿ ಎಂದೆ. ಗಂಡಸರಿಗೆ ಅರೆ ಎಚ್ಚರ, ಮಾತಾಡುವ ಶಕ್ತಿ ಇಲ್ಲ. ಉಡಚವ್ವ ಮಾತ್ರ ನನ್ನ ಅಂಗಿಯ ತುದಿ ಹಿಡಿದಳು.

"ಈ ಖೋಲ್ಯಾಗ ಹೇಳಿದ್ದು ಹೊರಗ ಹೋಗೂದಿಲ್ಲಂತ, ಖರೆ ಏನ್ರಿ ಅಯ್ನಾರ?"

"ಖರೆ. ಜಲ್ದಿ ಹೇಳವಾ."

"ಮಂದೀನ ಹೊರಗ ಹಾಕ್ರಿ."

ಮಾಶಾಕನೊಬ್ಬನನ್ನು ಬಿಟ್ಟು ಎಲ್ಲರನ್ನೂ ಹೊರಗೆ ಹಾಕಿ ಬಾಗಿಲು ಮುಂದೆ ಮಾಡಿದೆ. ಆಗ ಹೇಳಿದಳು. "ಉಪ್ಪು ತೀರಿತ್ರಿ. ದೀಪಾ ಹಚ್ಚಿದ ಮ್ಯಾಲೆ ಯಾರ ಮನ್ಯಾಗ ಉಪ್ಪು ಕೊಡತಾರ, ಯಾವ ಬಾಯಿಲೆ ಕೇಳೂದು? ಬಣ್ಣದ ಮನ್ಯಾಗಿಂದು ತಗೊಂಡ ಬಾ ಅಂತ ಸೊಸಿಗೆ ನಾನ ಹೇಳಿದೆ. ಬಾಗಲ ಕಡೀ ಭರಣಿ ಅಂತ ಕೈ ಮಾಡಿ ತೋರಿಸಿದೆ. ಹಬ್ಬದ ಕೆಲಸದಾಗ ಇವರು ಭರಣಿ ಅದಲಬದಲ ಇಟ್ಟಾರಂತ ನನಗೇನ ಗೊತ್ರಿ…" ಉಸಿರು ಕಟ್ಟಿತು. ಮತ್ತೆ — "ಯಾರ ಮುಂದೂ ಅನಬ್ಯಾಡ್ರಿ. ಮನ್ಯಾಗ ಉಪ್ಪು ತೀರಿಸಿ ಕುಂತಿದ್ಲು ಉಡಚವ್ವ ಅಂತ ಓಣಿತುಂಬ ಆಡ್ಕೋತಾರ. ಮಾತು ಕೊಡ್ರಿ."

ಕೊಟ್ಟೆ. ನಾಳೆ ಮನೆಗೆ ಹೋಗುವವಳು, ಮಾನ ಉಳಿಸಿಕೊಳ್ಳಲಿ ಎಂದು ಸಲೀಸಾಗಿ ಕೊಟ್ಟೆ.

ನೈಟ್ರೈಟು ಎಂದು ತಿಳಿದದ್ದೇ ಔಷಧವೂ ತಿಳಿಯಿತು. ಮೆಥಿಲೀನ್ ಬ್ಲೂ. ಅದೂ ಒಂದು ಬಣ್ಣವೇ. ಮಾಶಾಕ ಕಲಸಿದ, ಸೋಸಿದ, ಕುದಿಸಿದ. ಮೊದಲು ಉಡಚವ್ವನ ಕೈ ಹಿಡಿದೆ. ಕೊಸರಿಕೊಂಡಳು. "ಮದ್ಲ ಅವರಿಬ್ರಿಗೆ ಕೊಡ್ರಿ, ಆಮ್ಯಾಲೆ ನನಗ." ಬೈದೆ. ಕೈಯನ್ನು ಸೆರಗಿನೊಳಗೆ ಹಾಕಿಕೊಂಡು ಮಗ್ಗುಲಾದಳು. ಜಗ್ಗಾಡುತ್ತ ಕೂಡಲು ಹೊತ್ತಿರಲಿಲ್ಲ, ಗೋಣೆಪ್ಪನಿಗೆ ಏರಿಸಿದೆ. ಸಿರಿಂಜಿನ ನೀಲಿ ನೋಡಿ, "ನನಗ ಬಣ್ಣಾ ಹಾಕತೀರೇನ್ರಿ," ಎಂದು ತೊದಲಿದ. ತೋಟಪ್ಪನಿಗೂ ಆಯಿತು. ತುಸು ಹೊತ್ತಿಗೇ ಇಬ್ಬರ ತುಟಿಗೂ ಕೆಂಪು ಮರಳಿತು. ಉಡಚವ್ವನಿಗೆ ಕೊಟ್ಟದ್ದು ಹತ್ತಲಿಲ್ಲ. ವಿಷ ಹೆಚ್ಚು ಇಳಿದಿದ್ದ ಗಡಿಗೆಯ ತಳದ ಸಾರು ಉಂಡವಳು ಆಕೆಯೇ. ಬೆಳಗಾಗುವಷ್ಟರಲ್ಲಿ ತೀರಿಕೊಂಡಳು.

ಆಕೆ ಬಾಯಿ ಬಿಟ್ಟದ್ದಕ್ಕೆ ಇಬ್ಬರು ಉಳಿದರು. ಏಳು ವರ್ಷದ ಹಿಂದೆ ನಾನು ನೆನೆಸಿದ್ದು ಇದನ್ನೇ. ಖುಷಿಯಾಗುತ್ತಿಲ್ಲ.

13-11-55

ಫೌಜದಾರರು ದ್ಯಾಮವ್ವನನ್ನು ಒಯ್ದರು. ಲೆಕ್ಕ ಸುಲಭ. ಅಡುಗೆ ಮಾಡಿದವಳು ಅವಳು. ಉಣ್ಣದವಳು ಅವಳು. ಅಂದು ಮುಂಜಾನೆ ಅತ್ತೆ-ಸೊಸೆ ಜಗಳ ಓಣಿಯೆಲ್ಲ ಕೇಳಿದೆ. ದವಾಖಾನೆಯಿಂದ ಮನೆಗೆ ಹೋದವಳೇ ಗಡಿಗೆ, ತಾಟು ತಿಕ್ಕಿಟ್ಟಿದ್ದಾಳೆ. ಮೇಲೆ, "ನಾ ಏನೂ ಹಾಕಿಲ್ರಿ," ಎಂದು ಹೇಳಿಕೆ ಕೊಟ್ಟಿದ್ದಾಳೆ. ನನ್ನ ರಿಪೋರ್ಟಿನಲ್ಲಿ ನೈಟ್ರೈಟು ಎಂದು ಬರೆದಿದೆ. ನನ್ನ ಕೈಬರಹವೇ ಅವಳನ್ನು ಸುಳ್ಳಿಯನ್ನಾಗಿ ಮಾಡಿತು.

ಗೋಣೆಪ್ಪ ಎದ್ದು ಕುಳಿತಿದ್ದಾನೆ. "ಕೊಂದ್ಲರಿ ನನ್ನ ಹೆಂಡತೀನ್ನ," ಎನ್ನುತ್ತಾನೆ. ಭರಣಿ ಬದಲಿಸಿದ್ದು ಅವನಿಗೆ ನೆನಪೇ ಇಲ್ಲವೋ, ನೆನಪಾಗಬಾರದೆಂದು ಇದ್ದಾನೋ. ಆಕೆಗೆ ಕೊಟ್ಟ ಮಾತು ನೆನೆದು, ಅವನ ನಾಡಿ ಎಣಿಸಿ ಬರೆದುಕೊಂಡೆ.

29-11-55

ಜೈಲಿನ ಹೆಣ್ಣು ಕೈದಿಗಳನ್ನು ತಪಾಸಣೆ ಮಾಡುವ ನೆವ ಹೇಳಿ ದ್ಯಾಮವ್ವನನ್ನು ಕಂಡೆ. ಸೊರಗಿದ್ದಾಳೆ.

"ಉಪ್ಪಿನ ಸಂಗತಿ ನನಗ ಗೊತ್ತೈತಿ. ಯಾಕ ಹೇಳವಲ್ಲಿ?"

"ಗಾಡಿ ಮ್ಯಾಲಿಂದ ಅತ್ತಿ ನನ್ನ ಕೈ ಹಿಡದು ಅಂದ್ರು, ಯಾರ ಮುಂದೂ ಅನಬ್ಯಾಡ ಅಂತ. ಅದ ಕಡೀ ಮಾತು ನನ್ನ ಕೂಡ ಆಡಿದ್ದು."

"ಹೇಳಿದ್ರ ನಿನ್ನ ಬಿಡತಾರ."

"ಸತ್ತ ಅತ್ತೀ ಮ್ಯಾಲೆ ಹಾಕಿ ಬಂದ್ಲು ಅಂತಾರ. ಬಿಟ್ಟ ಮ್ಯಾಲೆ ಯಾವ ಮನಿಗೆ ಹೋಗ್ಲಿರಿ ನಾನು?"

ನಾನು ಹೇಳಲೇ ಎಂದೆ. ಬೇಡವೆಂದು ತಲೆಯಾಡಿಸಿದಳು. ತೋಟಪ್ಪ ಒಂದು ಸಲವೂ ಬಂದಿಲ್ಲವಂತೆ.

14-2-56

ಕೇಸು ಧಾರವಾಡದ ಸೆಶನ್ಸ್ ಕೋರ್ಟಿಗೆ ಹೋಯಿತು. ಮುಖ್ಯ ಸಾಕ್ಷಿ ನಾನು.

ಮಾಶಾಕನಿಗೆ ಎಲ್ಲ ಗೊತ್ತು. ಅಂದು ಆಕೆ ಹೇಳುವಾಗ ಖೋಲಿಯಲ್ಲೇ ಇದ್ದ. "ಸತ್ತಾಕಿಗೆ ಕೊಟ್ಟ ಮಾತು ಸತ್ತಾಕಿ ಕೂಡ ಹೋತ್ರಿ ಸಾಹೇಬರ. ಇಕಿ ಜೀವಂತ ಅದಾಳ." ಅವನಿಗೆ ಅದು ಒಬ್ಬಳಿಗೆ ಕೊಟ್ಟ ಮಾತು. ನನಗೆ ಹಾಗಲ್ಲ. ಮುಂಡರಗಿಯ ತಾಯಿಗೆ, ಹೆಂಡತಿಯನ್ನು ಹೊತ್ತು ತಂದ ಲಕ್ಕುಂಡಿಯ ಗಂಡನಿಗೆ, ಇನ್ನೂ ಬರದೇ ಇದ್ದವರಿಗೆ ಕೊಟ್ಟದ್ದೂ ಅದೇ ಮಾತು. ಒಂದು ಸಲ ಅಯ್ಯನವರು ಕೋರ್ಟಿನಲ್ಲಿ ಬಾಯಿ ಬಿಟ್ಟರು ಎಂದಾದರೆ ಖೋಲಿಯಲ್ಲಿ ಉಳಿಯುವುದು ಎರಡು ಮಂಚ, ಒಂದು ಬೀರು.

ಹಾಗೆಂದು ಇಪ್ಪತ್ತು ವರ್ಷದ ಹುಡುಗಿಯನ್ನು ಗಲ್ಲಿಗೆ ಕಳಿಸಲೇ? ಉಡಚವ್ವ ಇದ್ದಿದ್ದರೆ ಏನು ಅನ್ನುತ್ತಿದ್ದಳು? ಗೊತ್ತಿಲ್ಲ. ಇಂಜೆಕ್ಷನ್ ಸಹ ಕೊನೆಗೆ ತೆಗೆದುಕೊಂಡವಳು. ಸೊಸೆಗಾಗಿ ಓಣಿಯ ಮುಂದೆ ತಲೆ ತಗ್ಗಿಸುತ್ತಿದ್ದಳು ಎಂದುಕೊಳ್ಳಲು ನನಗೆ ಅನುಕೂಲ, ಅಷ್ಟೇ.

19-6-56, ಧಾರವಾಡ

ಹೇಳಿಬಿಟ್ಟೆ.

ನಿನ್ನೆ ರೈಲಿನಲ್ಲಿ ಬರುವಾಗಲೂ ನಿರ್ಧಾರವಾಗಿರಲಿಲ್ಲ. ಕಟಕಟೆಯಲ್ಲಿ ನಿಂತೆ. ಸರಕಾರಿ ವಕೀಲರು ರಕ್ತದ ಬಣ್ಣ ಕೇಳಿದರು, ಔಷಧ ಕೇಳಿದರು, ಹೇಳಿದೆ. ಆಮೇಲೆ, "ಇದು ನೈಟ್ರೈಟು ಎಂದು ಅಷ್ಟು ಬೇಗ ನಿಮಗೆ ಹೇಗೆ ತಿಳಿಯಿತು?" ಎಂದರು. ಎದುರಿಗೆ ದ್ಯಾಮವ್ವ ಕುಳಿತಿದ್ದಳು. ಕೊರಳಲ್ಲಿ ತಾಳಿ ಬಿಟ್ಟು ಏನೂ ಇಲ್ಲ. ನನ್ನ ಕಡೆ ನೋಡಿ, ಬೇಡ ಎನ್ನುವಂತೆ ಕಣ್ಣು ಮಾಡಿದಳು. ನನಗೆ ತಡೆಯಲಾಗಲಿಲ್ಲ. "ತೀರಿಕೊಂಡವಳೇ ಹೇಳಿದಳು," ಎಂದೆ. ಒಂದು ಮಾತು ಹೊರಬಿದ್ದ ಮೇಲೆ ಉಳಿದದ್ದು ತಾನಾಗಿ ಬಂತು — ದೀಪ ಹಚ್ಚಿದ್ದು, ಉಪ್ಪು ತೀರಿದ್ದು, ಭರಣಿ ತೋರಿಸಿದ್ದು. ಮಾಶಾಕನೂ ಹೌದೆಂದ.

ಉಪ್ಪು ತೀರಿತ್ತು ಎಂದಾಗ ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅದಕ್ಕೇ ಅಲ್ಲವೇ ಆಕೆ ಹೆದರಿದ್ದು. ಗೋಣೆಪ್ಪ ಎದ್ದು ಹೊರಗೆ ಹೋದ. ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, "ಸತ್ತಾಕೀನ್ನ ಕೋರ್ಟಿಗೆ ಎಳದ್ರಿ ಅಯ್ನಾರ," ಎಂದ. ಅಯ್ನಾರ ಎಂದ ಬಗೆ ಕೇಳಿ ಮುಖ ಎತ್ತಲಾಗಲಿಲ್ಲ.

4-7-56

ದ್ಯಾಮವ್ವನನ್ನು ಬಿಟ್ಟರು. ನಿರ್ದೋಷಿ. ಆ ರಾತ್ರಿ ನಿದ್ದೆ ಬಂತು ನನಗೆ, ಬಹಳ ದಿನದ ಮೇಲೆ.

ಪೇಪರಿನಲ್ಲಿ ಬಂದಿದೆ. ಓಣಿಯಲ್ಲೂ ಬಂದಿದೆ. ಮಾಶಾಕ ಚಹಾದಂಗಡಿಯಲ್ಲಿ ಕೇಳಿಕೊಂಡು ಬಂದ ಮಾತು — "ಅಯ್ನಾರ ಖೋಲ್ಯಾಗ ಪಿಸುಗುಟ್ಟಿದ್ರ ಧಾರವಾಡದ ಕೋರ್ಟಿನ್ಯಾಗ ಕೇಳಸತೈತಿ." ಚೆನ್ನಾಗಿ ಹೇಳಿದ್ದಾರೆ. ನಗು ಬಂತು, ಆಮೇಲೆ ಬರಲಿಲ್ಲ.

23-7-56

ಬೆಳಿಗ್ಗೆ ಬಾಗಿಲಲ್ಲಿ ದ್ಯಾಮವ್ವ, ಕೈಯಲ್ಲಿ ಗಂಟು. ಗಂಡನ ಮನೆಯಲ್ಲಿ ಕದ ತೆಗೆದಿಲ್ಲ. ತವರಿನಲ್ಲಿ ಅತ್ತಿಗೆಯರು ಆಕೆ ಮಾಡಿದ ಅಡುಗೆ ಮುಟ್ಟಲಿಲ್ಲವಂತೆ.

"ಕೆಲಸ ಕೊಡ್ರಿ."

"ಇಲ್ಲಿ ಹೊಲಸು ಬಳಿಯೂ ಕೆಲಸ, ದ್ಯಾಮವ್ವಾ."

"ಬಳೀತೀನ್ರಿ."

ಬಿಡಿಸಿದ್ದಕ್ಕೆ ಕೈ ಮುಗಿಯುತ್ತಾಳೆ ಎಂದು ಒಳಗೊಳಗೆ ಕಾದಿದ್ದೆನೋ ಏನೋ. ಮುಗಿಯಲಿಲ್ಲ. ಸಂಜೆ ಕಸ ಹೊಡೆಯುತ್ತ ಅಂದಳು, "ಅತ್ತೀ ಹೆಸರು ಹೊಲಸ ಮಾಡಿದ್ರಿ. ನಾ ಉಳದೆ. ಎರಡೂ ಖರೆ." ಇನ್ನೇನೂ ಅನ್ನಲಿಲ್ಲ. ಮಾಶಾಕ ಅವಳಿಗೆ ಚಹಾ ಕೊಟ್ಟ.

8-9-56

ಲಕ್ಕುಂಡಿಯ ಅಂದಪ್ಪ. ಕಣ್ಣಿನ ಪಾಪೆ ಕಿರಿದಾಗಿದೆ, ಉಸಿರು ನಿಧಾನ. ಅಫೀಮು ಇರಬಹುದು. ಅಲ್ಲದೆಯೂ ಇರಬಹುದು. ಹೆಂಡತಿಯನ್ನು ಕೇಳಿದೆ. "ಹೊಟ್ಟಿ ನೋವ್ರಿ." ಒಳಗೆ ಕರೆದು ಬಾಗಿಲು ಹಾಕಿ ಕೇಳಿದೆ. ಹೊಟ್ಟೆ ನೋವು. ತಾಟು? ತಿಕ್ಕಿದ್ದಾರೆ. ಅಂದಾಜಿನ ಮೇಲೆ ಔಷಧ ಮಾಡಿದೆ. ಮಧ್ಯಾಹ್ನ ತೀರಿಕೊಂಡ.

ಈ ತಿಂಗಳಲ್ಲಿ ಹೀಗೆ ಇನ್ನೂ ಇಬ್ಬರು. ಬಸ್ಸು ನೇರವಾಗಿ ತರುತ್ತದೆ, ಸೀರಮ್ ಇದೆ, ಟ್ಯೂಬ್ ಇದೆ. ಹಾವು ಕಡಿದವರು ಬದುಕುತ್ತಿದ್ದಾರೆ — ಹಾವಿನ ಹೆಸರು ಹೇಳಲು ಯಾರಿಗೆ ಹೆದರಿಕೆ? ಮಿಕ್ಕವರು ಬಾಯಿ ಹೊಲಿದುಕೊಂಡು ಬರುತ್ತಾರೆ. ಬರುವುದೇ ಕಡಿಮೆ. ನಾನು ತಪ್ಪು ಮಾಡಿದೆನೆಂದು ಈಗಲೂ ಅನ್ನಿಸುವುದಿಲ್ಲ. ಸರಿ ಮಾಡಿದೆ ಎಂದು ಗಟ್ಟಿಯಾಗಿ ಅನ್ನಲೂ ಆಗುವುದಿಲ್ಲ. ದ್ಯಾಮವ್ವ ಅಂದಪ್ಪನ ಮಂಚ ತೊಳೆಯುತ್ತಿದ್ದಳು. ಆ ಕಡೆ ನೋಡದೆ ಹಾದು ಬಂದೆ.

30-10-56

ಸರಕಾರದ ಉತ್ತರ! ಮೂರೂವರೆ ವರ್ಷದ ಮೇಲೆ. ಗದಗು, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಭಾಗಕ್ಕೆಲ್ಲ ಇದೇ ವಿಷ ಚಿಕಿತ್ಸೆಯ ಕೇಂದ್ರವೆಂದು ಮಾನ್ಯ. ನಾಡಿದ್ದಿನಿಂದ ಮುಂಬಯಿಯೇ ನಮ್ಮದಲ್ಲ, ನಾವು ಮೈಸೂರು ರಾಜ್ಯ. ಹೋಗುವ ಸರಕಾರ ಮೇಜು ಖಾಲಿ ಮಾಡುತ್ತ ಸಹಿ ಹಾಕಿರಬೇಕು. ಕಮಿಟಿಯವರು ಕುಣಿದರು. ಬೋರ್ಡು ಬರೆಸಿದ್ದಾರೆ, ನೀಲಿ ಮೇಲೆ ಬಿಳಿ ಅಕ್ಷರ. ಒಂದನೆಯ ತಾರೀಖು ರಾಜ್ಯದ ಜೊತೆಗೇ ಇದರದೂ ಉದ್ಘಾಟನೆಯಂತೆ. ನನಗೊಂದು ಹಾರ.

ಬಯಸಿದ್ದು ಬಂತು. ಮಂಚಗಳು ಖಾಲಿ ಇವೆ.

1-11-56, ಮಧ್ಯಾಹ್ನ

ಬೆಳಿಗ್ಗೆ ಬ್ಯಾಂಡು, ಮೆರವಣಿಗೆ, ಪೇಡೆ. ಕನ್ನಡಿಗರೆಲ್ಲ ಒಂದಾದೆವು ಎಂದು ಮುದುಕರು ಅಪ್ಪಿಕೊಂಡು ಅತ್ತರು. ನನಗೂ ಕಣ್ಣು ತುಂಬಿತು. ಬೋರ್ಡಿಗೆ ಕುಂಕುಮ ಹಚ್ಚಿದರು. ಹಾರ ಕೊರಳಲ್ಲಿ ಇರುವಾಗಲೇ ಲಕ್ಷ್ಮೇಶ್ವರದ ಬಸ್ಸು ಬಂದು ನಿಂತಿತು.

ಹದಿನಾರು-ಹದಿನೇಳರ ಹುಡುಗಿ. ನಾಡಿ ತಪ್ಪಿ ತಪ್ಪಿ ಬಡಿಯುತ್ತಿದೆ, ವಾಂತಿ. ತಾಯಿಯ ಹೆಸರು ಕರೆವ್ವ. ಏನು ಕೊಟ್ಟಿದ್ದೀರಿ ಎಂದೆ. ಏನಿಲ್ರಿ. ಬಾಗಿಲು ಹಾಕಿದೆ, ಕೆಳಗೆ ಕುಳಿತೆ, ಅವಳ ಮುಖಕ್ಕೆ ಮುಖ ಕೊಟ್ಟು ಕೇಳಿದೆ.

"ಯಾರಿಗೂ ಹೇಳೂದಿಲ್ಲವಾ. ಏನಂತ ಅಷ್ಟ ಹೇಳು."

ಮಗಳ ಕಾಲು ಒತ್ತುತ್ತ ಇದ್ದವಳು ತಲೆ ಎತ್ತಿದಳು. "ಕೋರ್ಟಿನ್ಯಾಗ ಹೇಳತೀರಂತಲ್ರಿ."

ಹೊರಗೆ ಇನ್ನೂ ಬ್ಯಾಂಡು. ಕರೆವ್ವನ ಕಾಲು ಹಿಡಿಯಲು ಬಗ್ಗಿದೆ. ಅಯ್ಯನವರು ಕಾಲಿಗೆ ಬೀಳುವುದು ಕಂಡು ಅವಳು ಇನ್ನಷ್ಟು ಹೆದರಿ ಗೋಡೆಗೆ ಸರಿದಳು. ಹುಡುಗಿಯ ನಾಡಿ ಮತ್ತೊಮ್ಮೆ ತಪ್ಪಿತು.

ದ್ಯಾಮವ್ವ ಬಕೀಟು ಕೆಳಗಿಟ್ಟಳು.

"ಅಯ್ನಾರ, ನೀವು ಹೊರಗ ಹೋಗ್ರಿ."

"ಏನಂದಿ?"

"ಹೊರಗ ಹೋಗ್ರಿ. ಮಾಶಾಕನವರ, ನೀವೂ."

ಹೋದೆ. ನಾನೇ ಕಟ್ಟಿದ ಖೋಲಿಯಿಂದ ಹೊರಗೆ ಬಂದು ಬಾಗಿಲಲ್ಲಿ ನಿಂತೆ. ಒಳಗೆ ದ್ಯಾಮವ್ವನ ದನಿ, ಮೆಲ್ಲಗೆ. "ನಾ ಬೆಟಗೇರಿ ಗೋಣೆಪ್ಪನ ಸೊಸಿ. ಏಳೆಂಟು ತಿಂಗಳ ಜೇಲಿನ್ಯಾಗ ಕುಂತೆ, ಬಾಯಿ ಬಿಡಲಿಲ್ಲ. ಇವರು ಬಿಟ್ರು, ನಾ ಬಿಡಲಿಲ್ಲ. ನನ್ನ ಕಿವ್ಯಾಗ ಹೇಳು." ಆಮೇಲೆ ಏನೂ ಕೇಳಿಸಲಿಲ್ಲ. ಕಮಿಟಿಯ ಯಂಕಪ್ಪನವರು ಬಂದು ಫೋಟೋಗೆ ಕರೆದರು. ಅವರಿಗೆ ಏನೆಂದೆನೋ, ಸಿಟ್ಟಾಗಿ ಹೋದರು.

ಬಾಗಿಲು ತೆರೆಯಿತು. ದ್ಯಾಮವ್ವನ ಕಣ್ಣು ಕೆಂಪಾಗಿತ್ತು.

"ಕಣಗಲ ಬೇರು. ಅರದು ಕುಡಿಸ್ಯಾರ, ಮುಂಜಾನೆ. ಉಳದದ್ದು ನನ್ನ ಕೇಳಬ್ಯಾಡ್ರಿ."

ಕೇಳಲಿಲ್ಲ. ಟ್ಯೂಬ್ ಹಾಕಿ ಹೊಟ್ಟೆ ತೊಳೆದೆ, ಅಟ್ರೋಪಿನ್ ಕೊಟ್ಟೆ. ಈಗ ನಾಡಿ ಸ್ವಲ್ಪ ಒಂದು ಹದಕ್ಕೆ ಬಂದ ಹಾಗಿದೆ. ಕರೆವ್ವ ದ್ಯಾಮವ್ವನ ಕೈ ಬಿಟ್ಟಿಲ್ಲ. ಬಾಗಿಲ ಹೊರಗಿನ ಬೆಂಚಿನ ಮೇಲೆ ಕುಳಿತು ಬರೆಯುತ್ತಿದ್ದೇನೆ, ಒಳಗೆ ಕರೆದಾಗ ಹೋಗುತ್ತೇನೆ. ಮುಂಡರಗಿ ಕಡೆಯ ಬಸ್ಸು ನಿಂತ ಸದ್ದು. ಒಬ್ಬ ಹೆಂಗಸು ಇಳಿದು ಓಡಿ ಬರುತ್ತಿದ್ದಾಳೆ. ಅವಳಿಗೆ ಬೇಕಾದವನು ನಾನಲ್ಲ, ದ್ಯಾಮವ್ವನನ್ನು ಕರೆಯಬೇಕು—